ಟ್ರಾಲ್ ಸಮೀಕ್ಷೆ: ಗಂಟೆಗೆ ಇಷ್ಟು ಕಿಲೋ ಎಂಬುದನ್ನು ಚದರ ಕಿಲೋಮೀಟರಿಗೆ ತರುವುದು ಹೇಗೆ?

ಮರಳುದಿಣ್ಣೆ (ಪ್ರಶ್ನೆ)

ಉಷ್ಣವಲಯದ ಕರಾವಳಿಯೊಂದರಾಚೆ, 20ರಿಂದ 100 ಮೀಟರ್ ಆಳದ ನಡುವೆ ತಳಮೀನುಗಳ ಟ್ರಾಲ್ ಸಮೀಕ್ಷೆಗೆ (ದೋಣಿಯ ಹಿಂದೆ ಚೀಲದಂಥ ಬಲೆ ಎಳೆದು ಮಾಡುವುದು) ತಯಾರಿ ನಡೆದಿದೆ. ಟ್ರಾಲರ್ ಬಾಡಿಗೆಯದು, ಬಲೆ 30 ಮೀಟರ್ ಹೆಡ್‌ರೋಪಿನ (ಬಾಯಿಯ ಮೇಲಂಚಿನ ಹಗ್ಗದ) ಫಿಶ್ ಟ್ರಾಲ್. ಡೀಸೆಲ್ ಲೆಕ್ಕದಲ್ಲಿ ಹೆಚ್ಚೆಂದರೆ 50 ಎಳೆತ ಸಾಧ್ಯ. ಜಿಪಿಎಸ್, ಎಕೋಸೌಂಡರ್ ಇವೆ, ಬಲೆ ಎಷ್ಟು ಅಗಲಕ್ಕೆ ತೆರೆದಿದೆ ಎಂದು ತೋರಿಸುವ ಸೆನ್ಸರ್ ಇಲ್ಲ.

ಬಲೆಯ ಅಗಲ ಅಂದರೆ ಹೆಡ್‌ರೋಪಿನ ಅರ್ಧ ಅಂತ ಎಲ್ಲ ಕಡೆ ಹಿಡಿಯುತ್ತಾರಲ್ಲ, ಅದನ್ನೇ ಇಟ್ಟುಕೊಂಡರೆ ಸಾಕೇ? ಎಳೆತದ ಜಾಗಗಳನ್ನು ತಾಂಡೇಲರ (ದೋಣಿ ನಡೆಸುವವರ) ಅನುಭವಕ್ಕೆ ಬಿಡಬೇಕೋ, ಚೀಟಿ ಎತ್ತಿದ ಹಾಗೆ ಆರಿಸಬೇಕೋ? ಇನ್ನೊಂದು ತಲೆನೋವು ಎಂದರೆ, ಪ್ರಾಯೋಗಿಕವಾಗಿ ಎಳೆದ ಹತ್ತರಲ್ಲಿ ಒಂಬತ್ತು ಎಳೆತಗಳಲ್ಲಿ ತಲಾ 10ರಿಂದ 30 ಕಿಲೋ ಬಂತು, ಹತ್ತನೆಯದರಲ್ಲಿ 640 ಕಿಲೋ, ಬಹುಪಾಲು ಸಿಲ್ವರ್‌ಬೆಲ್ಲಿ ಎಂಬ ಸಣ್ಣ ಮೀನು. ಅದನ್ನು ಲೆಕ್ಕದಿಂದ ಕೈಬಿಡಬಹುದೇ? ಇದೇ ಜಾಗದ ಹಳೆಯ ಅಂಕಿಗಳೂ ಇವೆ, ಆದರೆ ಎಲ್ಲ ಗಂಟೆಗೆ ಕಿಲೋ ಲೆಕ್ಕದಲ್ಲಿ.

ಬಲೆಕಣ್ಣು

ಮೊದಲು ಲೆಕ್ಕ, ಆಮೇಲೆ ಅದರಲ್ಲಿರುವ ತೂತುಗಳು.

ಬಲೆ ಗುಡಿಸಿದ ಜಾಗ ಎಂದರೆ ನೆಲದ ಮೇಲೆ ಸಾಗಿದ ದೂರವನ್ನು ಬಲೆಯ ಬಾಯಿಯ ಎರಡು ಬದಿಯ ರೆಕ್ಕೆಗಳ ನಡುವಿನ ಅಗಲದಿಂದ ಗುಣಿಸಿದ್ದು. 3 ನಾಟ್ (ಗಂಟೆಗೆ 3 ನಾಟಿಕಲ್ ಮೈಲಿ) ವೇಗದಲ್ಲಿ ಅರ್ಧ ಗಂಟೆ ಎಳೆದರೆ 1.5 ನಾಟಿಕಲ್ ಮೈಲಿ, ಅಂದರೆ 2,778 ಮೀಟರ್. ಅಗಲ 15 ಮೀಟರ್ ಎಂದುಕೊಂಡರೆ 41,670 ಚದರ ಮೀಟರ್, ಅಂದರೆ 0.0417 ಚ.ಕಿ.ಮೀ. ಆ ಎಳೆತದಲ್ಲಿ 25 ಕಿಲೋ ಬಂದಿದ್ದರೆ ಸಾಂದ್ರತೆ ಚ.ಕಿ.ಮೀ.ಗೆ 600 ಕಿಲೋ.

ಇಲ್ಲಿ ಹೆಡ್‌ರೋಪಿನ ಅರ್ಧ ಎಂಬುದು ಊಹೆ. ಆಗ್ನೇಯ ಏಷ್ಯಾದ ಟ್ರಾಲ್‌ಗಳಿಗೆ 0.4ರಿಂದ 0.66ರವರೆಗೂ ಬಳಸಿದ್ದಾರೆ, 0.5 ಎಂಬುದು ನಡುವಿನ ರಾಜಿ ಅಷ್ಟೇ. 0.4 ಹಿಡಿದರೆ ನಿಮ್ಮ ಅದೇ 25 ಕಿಲೋ 750 ಆಗುತ್ತದೆ, 0.66 ಹಿಡಿದರೆ 455. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಈ ಅನುಪಾತ ಎಲ್ಲ ಆಳದಲ್ಲೂ ಒಂದೇ ಇರುವುದಿಲ್ಲ. 25 ಮೀಟರ್ ಆಳದಲ್ಲಿ ವಾರ್ಪ್ (ಬಲೆ ಎಳೆಯುವ ಉಕ್ಕಿನ ಹಗ್ಗ) ಕಡಿಮೆ ಬಿಟ್ಟಿರುತ್ತೀರಿ, ಬಲೆಯ ಬಾಯಿಯನ್ನು ಎರಡು ಬದಿಗೆ ಎಳೆದು ತೆರೆಯುವ ಬೋರ್ಡುಗಳು ಪೂರ್ತಿ ಅಗಲವಾಗುವುದಿಲ್ಲ. 80 ಮೀಟರಿನಲ್ಲಿ ವಾರ್ಪ್ ಉದ್ದವಾಗಿರುವುದರಿಂದ ಬಲೆ ಹೆಚ್ಚು ಅಗಲಿಸುತ್ತದೆ. ಎಲ್ಲೆಡೆ 15 ಮೀಟರ್ ಎಂದು ಬರೆದರೆ ಆಳ ಕಡಿಮೆ ಇರುವಲ್ಲಿ ಸಾಂದ್ರತೆ ನಿಜಕ್ಕಿಂತ ಕಡಿಮೆ ಕಾಣುತ್ತದೆ, ಆಳದಲ್ಲಿ ಹೆಚ್ಚು ಕಾಣುತ್ತದೆ. ಆಮೇಲೆ ಅದನ್ನೇ 'ಮೀನು ಆಳದಲ್ಲಿ ಜಾಸ್ತಿ' ಎಂದು ವರದಿ ಬರೆಯುತ್ತಾರೆ.

ಸೆನ್ಸರ್ ಇಲ್ಲದಿದ್ದರೂ ಟೇಪ್ ಹಿಡಿದು ಅಳೆಯಬಹುದು. ಎರಡು ವಾರ್ಪ್‌ಗಳು ಸ್ಟರ್ನಿನ (ದೋಣಿಯ ಹಿಂಭಾಗದ) ಬ್ಲಾಕ್, ಅಂದರೆ ರಾಟೆ, ಬಿಟ್ಟು ಹೊರಡುವಲ್ಲಿ ಅವುಗಳ ನಡುವಿನ ಅಂತರ ಅಳೆಯಿರಿ. ವಾರ್ಪ್‌ಗುಂಟ ಸರಿಯಾಗಿ 1 ಮೀಟರ್ ಹಿಂದೆ ಇನ್ನೊಮ್ಮೆ ಅಳೆಯಿರಿ. ಬ್ಲಾಕಿನಲ್ಲಿ 4.00 ಮೀಟರ್, ಹಿಂದೆ 4.12 ಇದ್ದು, ಬಿಟ್ಟಿರುವ ವಾರ್ಪ್ 150 ಮೀಟರ್ ಆದರೆ ಬೋರ್ಡಿನಿಂದ ಬೋರ್ಡಿಗೆ 0.12 × 150 + 4 = 22 ಮೀಟರ್. ರೆಕ್ಕೆತುದಿಯಿಂದ ಕಾಡ್‌ಎಂಡ್ (ಮೀನು ಸೇರುವ ಹಿಂತುದಿಯ ಚೀಲ) ತನಕ ಬಲೆ 30 ಮೀಟರ್, ಬೋರ್ಡಿಗೂ ರೆಕ್ಕೆಗೂ ನಡುವಿನ ಹಗ್ಗವಾದ ಬ್ರೈಡಲ್ 15 ಮೀಟರ್ ಎಂದಿಟ್ಟುಕೊಳ್ಳಿ. ಸಮರೂಪ ತ್ರಿಕೋನದ ಲೆಕ್ಕದಲ್ಲಿ ರೆಕ್ಕೆಗಳ ಅಂತರ 22 × 30 ÷ 45, ಅಂದರೆ 14.7 ಮೀಟರ್.

ಟೇಪಿನಲ್ಲಿ 1 ಸೆಂಟಿಮೀಟರ್ ತಪ್ಪಿದರೆ ಬೋರ್ಡಿನ ಅಂತರದಲ್ಲಿ ಒಂದೂವರೆ ಮೀಟರ್ ತಪ್ಪುತ್ತದೆ. ಹಾಗಾಗಿ ಜಾಗ ಇದ್ದರೆ 2 ಮೀಟರ್ ಹಿಂದೆ ಅಳೆದು ವ್ಯತ್ಯಾಸವನ್ನು ಅರ್ಧ ಮಾಡಿ, ಒಂದೇ ಎಳೆತದಲ್ಲಿ ಮೂರ್ನಾಲ್ಕು ಸಲ ಅಳೆದು ಸರಾಸರಿ ಹಿಡಿಯಿರಿ. ದೋಣಿ ತಿರುಗುತ್ತಿರುವಾಗ ಅಳೆಯಬೇಡಿ. ವಾರ್ಪ್ ತುಂಬ ಉದ್ದ ಬಿಟ್ಟಾಗ ಅದು ನೀರಿನಲ್ಲಿ ಬಾಗುವುದರಿಂದ ಈ ವಿಧಾನದ ಮೇಲೆ ಭರವಸೆ ಕಡಿಮೆ. ಆದರೂ ಎಲ್ಲದಕ್ಕೂ ಕಣ್ಣುಮುಚ್ಚಿ 0.5 ಹಾಕುವುದಕ್ಕಿಂತ ವಾಸಿ.

ದೂರವನ್ನು ಮಾತ್ರ ಜಿಪಿಎಸ್ ಜಾಡಿನಿಂದಲೇ ತೆಗೆದುಕೊಳ್ಳಿ. ವೇಗ × ಸಮಯ ಬೇಡ. 1 ನಾಟ್ ಸೆಳೆತದ ವಿರುದ್ಧ ಎಳೆಯುವಾಗ ನೀರಿನಲ್ಲಿ 3 ನಾಟ್ ಇದ್ದರೂ ನೆಲದ ಮೇಲೆ 2 ನಾಟ್ ಮಾತ್ರ.

ವಿಂಚ್ ಬ್ರೇಕ್

ಅಗಲದ ಬಗ್ಗೆ ಮೇಲೆ ಬಂದಿದೆ. ಸಮಯದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಅಲ್ಲೇ ಎಡವುವುದು.

ವಿಂಚಿನ (ವಾರ್ಪ್ ಸುತ್ತುವ ಯಂತ್ರದ) ಬ್ರೇಕ್ ಬಿಗಿದಾಗ ಗಡಿಯಾರ ಶುರು, ಬಲೆ ಮೇಲೆತ್ತಲು ತೊಡಗಿದಾಗ ನಿಲ್ಲಿಸು ಎಂಬುದು ರೂಢಿ. ಆದರೆ ಬ್ರೇಕ್ ಬಿಗಿದ ಕ್ಷಣಕ್ಕೆ ಬಲೆ ನೆಲ ಮುಟ್ಟಿರಲೇಬೇಕು ಎಂದೇನಿಲ್ಲ. 25 ಮೀಟರ್ ಆಳದಲ್ಲಿ ಬೇಗ ಕೂರುತ್ತದೆ, 90 ಮೀಟರಿನಲ್ಲಿ ತಡವಾಗುತ್ತದೆ. ಮೇಲೆತ್ತುವಾಗಲೂ ವಾರ್ಪ್ ಸುತ್ತಿಕೊಳ್ಳುತ್ತಿರುವಷ್ಟು ಹೊತ್ತು ಬಲೆ ನೆಲದಲ್ಲೇ ಮೀನು ಹಿಡಿಯುತ್ತಿರುತ್ತದೆ. ಅರ್ಧ ಗಂಟೆಯ ಎಳೆತದಲ್ಲಿ ಲೆಕ್ಕಕ್ಕೆ ಸಿಗದ 3 ನಿಮಿಷ ಎಂದರೆ ಶೇಕಡಾ 10. ಹೆಡ್‌ರೋಪಿಗೆ ಬೆರಳುಗಾತ್ರದ ಆಳ-ಉಷ್ಣತೆ ಲಾಗರ್ ಒಂದನ್ನು ಕಟ್ಟಿಬಿಡಿ. ಕೆಲವೇ ಸೆಕೆಂಡಿಗೊಮ್ಮೆ ಆಳ ಬರೆದುಕೊಳ್ಳುವ ಹಾಗೆ ಇಟ್ಟರೆ ಬಲೆ ಕೂತದ್ದು, ಎದ್ದದ್ದು ಎರಡೂ ಗ್ರಾಫಿನಲ್ಲಿ ಮೆಟ್ಟಿಲಿನಂತೆ ಕಾಣುತ್ತದೆ. ನಡುವೆ ಬಲೆ ಹಾರಿದ್ದರೆ ಅದೂ ಸಿಕ್ಕಿಬೀಳುತ್ತದೆ.

ವಾರ್ಪ್ ಎಷ್ಟು ಬಿಡಬೇಕು ಎಂಬುದನ್ನು ಮೊದಲೇ ಪಟ್ಟಿ ಮಾಡಿ ವಿಂಚಿನ ಹತ್ತಿರ ಅಂಟಿಸಿ. 20-30 ಮೀಟರ್ ಆಳಕ್ಕೆ ಐದಾರು ಪಟ್ಟು, 100 ಮೀಟರ್ ಹೊತ್ತಿಗೆ ಸುಮಾರು ಮೂರು ಪಟ್ಟು ಎಂಬುದು ಹೊರಡಲು ಸರಿಯಾದ ಅಂದಾಜು. ನಿಮ್ಮ ಬೋರ್ಡಿನ ತೂಕ ನೋಡಿಕೊಂಡು ತಿದ್ದಿಕೊಳ್ಳಿ. ತಿದ್ದಿದ ಮೇಲೆ ಸಮೀಕ್ಷೆ ಮುಗಿಯುವವರೆಗೆ ಯಾರೂ ಅದನ್ನು ಮುಟ್ಟಕೂಡದು. ತಾಂಡೇಲರು 'ಇಲ್ಲಿ ಇನ್ನು ಹತ್ತು ಮಾರು ಬಿಟ್ಟರೆ ಮೀನು ಬರುತ್ತೆ' ಅಂದರೆ ಅವರು ಹೇಳುವುದು ನಿಜವೇ ಇರುತ್ತದೆ, ಆದರೆ ಅದು ಸಮೀಕ್ಷೆಯ ಕೆಲಸವಲ್ಲ.

ಎರಡೂ ವಾರ್ಪ್‌ಗಳಿಗೆ 25 ಮೀಟರಿಗೊಂದು ಗುರುತು ಇರಲಿ. ಕೆಲವು ದಿನ ಎಳೆದ ಮೇಲೆ ಹೊಸ ವಾರ್ಪ್ ಹಿಗ್ಗುತ್ತದೆ, ಎರಡೂ ಒಂದೇ ಸಮ ಹಿಗ್ಗುವುದಿಲ್ಲ. ಒಂದು ಕಡೆ ಉದ್ದವಾದರೆ ಬಲೆ ಓರೆಯಾಗಿ ಸಾಗುತ್ತದೆ, ಬಾಯಿ ಕಿರಿದಾಗುತ್ತದೆ. ದಡಕ್ಕೆ ಬಂದಾಗ ಎರಡನ್ನೂ ಪಕ್ಕಪಕ್ಕ ಹಾಸಿ ಗುರುತು ತಾಳೆ ನೋಡಿ. ಪ್ರತಿ ಎಳೆತದ ನಂತರ ಬೋರ್ಡಿನ ಕೆಳಗಿನ ಪಟ್ಟಿಯನ್ನೂ ನೋಡಿ. ಪಟ್ಟಿ ಪೂರ್ತಿ ಉಜ್ಜಿ ಹೊಳೆಯುತ್ತಿದ್ದರೆ ಬೋರ್ಡು ನೆಟ್ಟಗೆ ನಿಂತಿತ್ತು. ಹಿಂತುದಿ ಮಾತ್ರ ಹೊಳೆದರೆ ಮೂಗೆತ್ತಿಕೊಂಡು ಹೋಗಿದೆ. ಫುಟ್‌ರೋಪಿನ (ಬಾಯಿಯ ಕೆಳಂಚಿನ ಹಗ್ಗದ) ಸರಪಣಿಗೆ ತುಕ್ಕು ಹಾಗೇ ಇದ್ದರೆ ಬಲೆ ನೆಲ ಮುಟ್ಟೇ ಇಲ್ಲ. ಆ ಎಳೆತ ರದ್ದು.

ರದ್ದು ಮಾಡುವ ನಿಯಮವನ್ನೂ ಹೊರಡುವ ಮೊದಲೇ ಬರೆದಿಡಿ. ನೆಲದಲ್ಲಿ 20 ನಿಮಿಷಕ್ಕಿಂತ ಕಡಿಮೆ ಇದ್ದರೆ, ಹೊಟ್ಟೆಭಾಗದಲ್ಲಿ ಅಥವಾ ಕಾಡ್‌ಎಂಡಿನಲ್ಲಿ ಹರಿದಿದ್ದರೆ, ಬಲೆ ಬಂಡೆಗೆ ಸಿಕ್ಕಿ ನಿಂತಿದ್ದರೆ, ಲೋಳೆಮೀನು (ಜೆಲ್ಲಿಫಿಶ್) ತುಂಬಿ ಬಲೆಯ ಕಣ್ಣು ಕಟ್ಟಿದ್ದರೆ ರದ್ದು. ಡೆಕ್ಕಿನ ಮೇಲೆ ರಾಶಿ ನೋಡಿದ ಮೇಲೆ ನಿಯಮ ಮಾಡಲು ಹೋದರೆ ಕಡಿಮೆ ಬಂದ ಎಳೆತಗಳೆಲ್ಲ 'ಬಲೆ ಸರಿ ಇರಲಿಲ್ಲ' ಆಗಿಬಿಡುತ್ತವೆ.

ಮರಳುದಿಣ್ಣೆ

ಧನ್ಯವಾದ, ಲಾಗರ್ ವಿಚಾರ ಹೊಳೆದೇ ಇರಲಿಲ್ಲ. ಆಳದ ಪಟ್ಟಿಗಳು 20-40, 40-60, 60-100 ಎಂದು ಮಾಡಿದ್ದೇವೆ. ವಿಸ್ತೀರ್ಣ ಕ್ರಮವಾಗಿ 1,800, 1,600 ಮತ್ತು 1,400 ಚ.ಕಿ.ಮೀ. ಎಳೆತಗಳನ್ನು ಹಂಚುವುದು ಹೇಗೆ? ಕೊನೆಗೆ 'ಒಟ್ಟು ಎಷ್ಟು ಟನ್ ಮೀನಿದೆ' ಎಂದು ಕೇಳಿಯೇ ಕೇಳುತ್ತಾರೆ.

ಆಳದಗೆರೆ

ತಾಂಡೇಲರಿಗೆ ಜಾಗ ಆರಿಸಲು ಬಿಟ್ಟರೆ ಅವರು ಮೀನು ಇರುವಲ್ಲಿಗೇ ಹೋಗುತ್ತಾರೆ. ಅವರ ಹೊಟ್ಟೆಪಾಡೇ ಅದು. ಆ ಸರಾಸರಿಯನ್ನು ಇಡೀ ಕಡಲಿಗೆ ಹರಡಿದರೆ ಖಾಲಿ ಜಾಗಗಳಿಗೂ ಮೀನು ತುಂಬಿಸಿದಂತೆ. ಅವರ ಅನುಭವವನ್ನು ಬಂಡೆ ಎಲ್ಲಿದೆ, ಮುಳುಗಿದ ದೋಣಿ ಎಲ್ಲಿದೆ, ಯಾವ ಹೊತ್ತಿಗೆ ಸೆಳೆತ ಎತ್ತ ಎಂಬುದಕ್ಕೆ ಬಳಸಿ.

ನಕಾಶೆಯ ಮೇಲೆ ಚೌಕ ಹಾಕಿ, ಪ್ರತಿ ಪಟ್ಟಿಯೊಳಗಿನ ಚೌಕಗಳನ್ನು ಚೀಟಿ ಎತ್ತಿ ಆರಿಸಿ. ಜೊತೆಗೆ ಅದೇ ಪಟ್ಟಿಯ ಬದಲಿ ಚೌಕಗಳ ಸಾಲೊಂದನ್ನೂ ಎತ್ತಿಡಿ. ಜಾಗ ತಲುಪಿದ ಮೇಲೆ ಎಳೆಯುವ ದಾರಿಯ ಮೇಲೆ ಎಕೋಸೌಂಡರ್ ಹಾಕಿ ಒಮ್ಮೆ ಸಾಗಿ. ನೆಲ ಒರಟಾಗಿದ್ದರೆ ಅದೇ ಚೌಕದೊಳಗೆ ಬೇರೆ ಗೆರೆ ಹುಡುಕಿ, ಅದೂ ಆಗದಿದ್ದರೆ ಬದಲಿಗೆ ಹೋಗಿ, ಬಿಟ್ಟ ಕಾರಣ ಬರೆದಿಡಿ. ಬಂಡೆ, ಹವಳದ ಪ್ರದೇಶವನ್ನು ಪಟ್ಟಿಯ ವಿಸ್ತೀರ್ಣದಿಂದ ಕಳೆಯಬೇಕು. ಮಣ್ಣುನೆಲದಲ್ಲಿ ಸಿಕ್ಕ ಸಾಂದ್ರತೆಯನ್ನು ಬಂಡೆಗೆ ಅನ್ವಯಿಸುವಂತಿಲ್ಲ.

ಹಂಚಿಕೆ ವಿಸ್ತೀರ್ಣಕ್ಕೆ ತಕ್ಕಂತೆ ಇರಲಿ, ಏರಿಳಿತ ಹೆಚ್ಚಿರುವ ಪಟ್ಟಿಗೆ ಸ್ವಲ್ಪ ಜಾಸ್ತಿ ಕೊಡಿ. ಒಂದು ಪಟ್ಟಿಗೆ ಎರಡು ಎಳೆತಕ್ಕಿಂತ ಕಡಿಮೆಯಾದರೆ ಅಲ್ಲಿ ದೋಷದ ಲೆಕ್ಕವೇ ಸಾಧ್ಯವಿಲ್ಲ. ಹಂಚಿಕೆ ಹೇಗೇ ಇದ್ದರೂ ಸರಾಸರಿ ತೆಗೆಯುವಾಗ ವಿಸ್ತೀರ್ಣದ ತೂಕ ಕೊಡಲೇಬೇಕು. ನಿಮ್ಮ ಪಟ್ಟಿಗಳಲ್ಲಿ ಚ.ಕಿ.ಮೀ.ಗೆ 700, 500, 250 ಕಿಲೋ ಸಿಕ್ಕಿತು ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. 1,260 + 800 + 350 = 2,410 ಟನ್. ದಡಕ್ಕೆ ಹತ್ತಿರ ಎಂಬ ಕಾರಣಕ್ಕೆ ಮೊದಲ ಪಟ್ಟಿಯಲ್ಲಿ 30, ಉಳಿದವುಗಳಲ್ಲಿ 12 ಮತ್ತು 8 ಎಳೆದು, 50ನ್ನೂ ಒಟ್ಟಿಗೆ ಸೇರಿಸಿ ಸರಾಸರಿ ಹಿಡಿದರೆ 580 ಬರುತ್ತದೆ. 4,800 ಚ.ಕಿ.ಮೀ.ಗೆ 2,784 ಟನ್. ಕಡಲಲ್ಲಿ ಇಲ್ಲದ 374 ಟನ್ ಕಾಗದದ ಮೇಲೆ ಹುಟ್ಟಿತು.

ಇನ್ನು 640 ಕಿಲೋ. ಒಂಬತ್ತು ಎಳೆತ ಸೇರಿ 180 ಕಿಲೋ ಎಂದುಕೊಂಡರೆ ಸರಾಸರಿ 20, ಹತ್ತನೆಯದನ್ನು ಸೇರಿಸಿದರೆ 82. ಬಲೆ ಸರಿಯಾಗಿ ಕೆಲಸ ಮಾಡಿದ್ದರೆ ಅದನ್ನು ಕೈಬಿಡುವ ಹಕ್ಕು ನಮಗಿಲ್ಲ. ಸಿಲ್ವರ್‌ಬೆಲ್ಲಿ ಗುಂಪುಗಟ್ಟಿ ಇರುವ ಮೀನು, ಅದರ ಹೆಚ್ಚಿನ ರಾಶಿ ಇಂಥ ಗುಂಪುಗಳಲ್ಲೇ ಇರುತ್ತದೆ. ಕೈಬಿಟ್ಟರೆ ಪ್ರತಿ ವರ್ಷವೂ ಕಡಿಮೆ ಅಂದಾಜು. ಲಾಗರಿತಮ್ ತೆಗೆದು ಸರಾಸರಿ ಮಾಡಿ ಹಾಗೇ ಹಿಂದಕ್ಕೆ ತಿರುಗಿಸಿದರೂ ಅದೇ ಕಥೆ, ಬರುವುದು ಗುಣೋತ್ತರ ಸರಾಸರಿ. ಅದು ಅಂಕಗಣಿತ ಸರಾಸರಿಗಿಂತ ಯಾವಾಗಲೂ ಕೆಳಗೆ. ವಿಸ್ತೀರ್ಣಕ್ಕೆ ಗುಣಿಸಲು ಅದು ಬರುವುದಿಲ್ಲ. ಸೊನ್ನೆ ಎಳೆತಗಳನ್ನು ಪ್ರತ್ಯೇಕವಾಗಿ, ಸೊನ್ನೆಯಲ್ಲದವನ್ನು ಲಾಗ್‌ನಾರ್ಮಲ್ ಆಗಿ (ಲಾಗರಿತಮ್ ತೆಗೆದರೆ ಸಾಮಾನ್ಯ ಹಂಚಿಕೆ ಬರುತ್ತದೆ ಎಂದು) ನೋಡುವ ಡೆಲ್ಟಾ ವಿಧಾನ ಇದೆ, ಆದರೆ ಕೆಲವೇ ಗ್ರಾಂ ಬಂದ ಎಳೆತಗಳು ಅದನ್ನೂ ಅಲ್ಲಾಡಿಸುತ್ತವೆ. ನನ್ನ ಮತ ಏನೆಂದರೆ, ಪಟ್ಟಿವಾರು ಸಾದಾ ಸರಾಸರಿ, ಬೂಟ್‌ಸ್ಟ್ರ್ಯಾಪ್‌ನಿಂದ (ಇರುವ ಎಳೆತಗಳಿಂದಲೇ ಮತ್ತೆ ಮತ್ತೆ ಚೀಟಿ ಎತ್ತಿ ಸರಾಸರಿ ತೆಗೆಯುವ ವಿಧಾನ) ಮೇಲಿನ-ಕೆಳಗಿನ ಮಿತಿ, ಪಕ್ಕದಲ್ಲೇ ಆ ಎಳೆತ ಬಿಟ್ಟರೆ ಎಷ್ಟು ಎಂಬ ಸಂಖ್ಯೆ. ಜಾತಿವಾರು ಲೆಕ್ಕ ಹಾಕಿದರೆ ಆ 640 ಕಿಲೋ ಮದಿಮಾಳ್, ಕಲ್ಲೂರಿನಂಥ ಬೇರೆ ಮೀನುಗಳ ಅಂಕಿಯನ್ನು ಮುಟ್ಟುವುದೇ ಇಲ್ಲ.

ಬುಟ್ಟಿತೂಕ

ಎಲ್ಲರೂ ಬಲೆ, ಗಣಿತ ಅಂತಿದ್ದೀರಿ. ಡೆಕ್ಕಿನ ಮೇಲಾಗುವ ಎಡವಟ್ಟನ್ನೂ ನೋಡಿ.

ಒಂದೇ ಎಳೆತದಲ್ಲಿ ಐವತ್ತು ಅರವತ್ತು ಜಾತಿ ಬರುವುದು ಇಲ್ಲಿ ಮಾಮೂಲು. ಎಲ್ಲವನ್ನೂ ವಿಂಗಡಿಸುತ್ತ ಕೂತರೆ ಮುಂದಿನ ಎಳೆತಕ್ಕೆ ಹೊತ್ತು ಸಾಲದು, ಮೀನೂ ಬಿಸಿಲಿಗೆ ಕೆಡುತ್ತದೆ. ಆದ್ದರಿಂದ ಮೊದಲು ತೊರಕೆ, ಶಾರ್ಕ್, ದೊಡ್ಡ ಮೀನು, ಅಪರೂಪದವನ್ನು ಇಡೀ ರಾಶಿಯಿಂದ ಆರಿಸಿ ಬೇರೆ ತೂಗಿ. ಉಳಿದದ್ದನ್ನು ಸಲಿಕೆಯಿಂದ ಚೆನ್ನಾಗಿ ಮಗುಚಿ ಬುಟ್ಟಿಗಳಿಗೆ ತುಂಬಿ. ಮಗುಚದಿದ್ದರೆ ಚಿಕ್ಕದು, ಜಾರುವಂಥದು ಎಲ್ಲ ರಾಶಿಯ ತಳಕ್ಕೆ ಸೇರಿರುತ್ತದೆ, ಮೇಲಿನ ಬುಟ್ಟಿ ಬರೀ ದೊಡ್ಡ ಮೀನು ತೋರಿಸುತ್ತದೆ.

ಒಟ್ಟು 310 ಕಿಲೋ ಬಂತು, ಆರಿಸಿ ತೆಗೆದದ್ದು 40, ಉಳಿದದ್ದು 270, ಅದರಲ್ಲಿ ಮಾದರಿ 27 ಕಿಲೋ. ಗುಣಕ 10. ಮಾದರಿಯಲ್ಲಿ ಒಂದು ಜಾತಿ 1.8 ಕಿಲೋ ಇದ್ದರೆ ಎಳೆತದಲ್ಲಿ 18 ಕಿಲೋ. ಬಹಳ ಜನ ಇಲ್ಲಿ 310 ÷ 27 ಮಾಡಿ 11.5ರಿಂದ ಗುಣಿಸಿ, ಮೇಲೆ ಆ 40 ಕಿಲೋವನ್ನೂ ಕೂಡಿಸುತ್ತಾರೆ. ದೊಡ್ಡ ಮೀನು ಎರಡು ಸಲ ಲೆಕ್ಕವಾಯಿತು. ಫಾರಂನಲ್ಲೇ 'ಆರಿಸಿದ್ದು', 'ಉಳಿದದ್ದು', 'ಮಾದರಿ' ಎಂದು ಮೂರು ಕಲಂ ಮಾಡಿಬಿಡಿ.

ದೋಣಿ ಓಲಾಡುವಾಗ ತೂಗುತಕ್ಕಡಿಯ ಮುಳ್ಳು ನಿಲ್ಲುವುದಿಲ್ಲ. ಅಲುಗಾಟ ಸರಿದೂಗಿಸುವ ತಕ್ಕಡಿ ಇಲ್ಲದಿದ್ದರೆ ಒಂದೇ ಅಳತೆಯ ಬುಟ್ಟಿಗಳನ್ನು ಮಟ್ಟಸವಾಗಿ ತುಂಬಿ ಎಣಿಸಿ. ನಾಲ್ಕೈದನ್ನು ಸಾವಕಾಶ ತೂಗಿ ಸರಾಸರಿಯಿಂದ ಗುಣಿಸಿ. ಬುಟ್ಟಿಯ ತೂಕ ಕಳೆಯುವಾಗ ಒದ್ದೆ ಬುಟ್ಟಿಯದ್ದೇ ಕಳೆಯಿರಿ. ಕೆಸರನ್ನು ತೊಳೆದ ಮೇಲೆ ತೂಗಿ. ಪ್ಲಾಸ್ಟಿಕ್, ಚಿಪ್ಪು, ಲೋಳೆಮೀನು ಮೀನಿನ ತೂಕದೊಳಗೆ ಸೇರಬಾರದು, ಆದರೆ ಅವುಗಳನ್ನೂ ಬರೆದಿಡಿ.

ಉದ್ದ ಅಳೆಯುವ ರೀತಿ ಬಗೆಬಗೆ. ಬಾಲ ಕವಲಾಗಿರುವ ಮೀನಿಗೆ ಕವಲಿನವರೆಗೆ, ಬೊಂಡಾಸಿಗೆ (ಸ್ಕ್ವಿಡ್) ಮೈಚೀಲದ ಉದ್ದ, ಸಿಗಡಿಗೆ ತಲೆಚಿಪ್ಪಿನ ಉದ್ದ, ತೊರಕೆಗೆ ಅಗಲ. ಪಾಂಬೋಲಿಗೆ (ರಿಬ್ಬನ್ ಮೀನು) ಮೂತಿಯಿಂದ ಗುದದವರೆಗೆ ಅಳೆಯುವುದೇ ಒಳ್ಳೆಯದು, ಬಾಲದ ಎಳೆ ಬಲೆಯಲ್ಲಿ ತುಂಡಾಗಿಯೇ ಬರುತ್ತದೆ. ಮದಿಮಾಳ್ ಎಂದು ಒಂದೇ ಸಾಲು ಬರೆಯಬೇಡಿ, ಅದರಲ್ಲೂ ಜಾತಿಗಳಿವೆ. ನೆಮಿಪ್ಟೆರಸ್ ಜಪಾನಿಕಸ್‌ನಲ್ಲಿ ಬಾಲದ ಮೇಲಿನ ಕವಲಿನ ತುದಿಯ ಎಳೆ ಹಳದಿ, ರಾಂಡಲಿಯಲ್ಲಿ ಆ ಎಳೆ ಕೆಂಪು. ಐಸಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಬಣ್ಣ ಮಾಸುತ್ತದೆ, ಅದಕ್ಕೇ ಡೆಕ್ಕಿನ ಮೇಲೇ ಬೇರ್ಪಡಿಸಬೇಕು.

ಉಬ್ಬರ

'ಒಟ್ಟು ಎಷ್ಟು ಟನ್' ಎಂಬ ಪ್ರಶ್ನೆಗೆ ಬರೋಣ. ಆಳದಗೆರೆಯವರ 2,410 ಟನ್ ಎಂದರೆ ಬಲೆಯ ದಾರಿಯಲ್ಲಿದ್ದ ಮೀನೆಲ್ಲ ಸಿಕ್ಕಿತು ಎಂಬ ಲೆಕ್ಕ. ಅರ್ಧ ಮಾತ್ರ ಸಿಕ್ಕಿತು ಎಂದರೆ 4,820. ದಾರಿಯಲ್ಲಿದ್ದ ಮೀನಿನಲ್ಲಿ ಸಿಕ್ಕ ಪಾಲು ಎಂಬ ಈ ಗುಣಕಕ್ಕೆ ಉಷ್ಣವಲಯದ ಸಮೀಕ್ಷೆಗಳಲ್ಲಿ 0.5 ಮತ್ತು 1.0 ಎರಡನ್ನೂ ಬಳಸಿದ್ದಾರೆ. ವಾಸ್ತವದಲ್ಲಿ ಇದು ಜಾತಿಗೊಂದು. ನಂಗ್, ತೊರಕೆಯಂಥ ಚಪ್ಪಟೆ ಮೀನುಗಳು ಫುಟ್‌ರೋಪಿನ ಕೆಳಗೆ ನುಸುಳುತ್ತವೆ, ಬಂಗಡೆ ಹೆಡ್‌ರೋಪಿನ ಮೇಲೆ ಹೋಗುತ್ತದೆ, ಇನ್ನು ಕೆಲವು ಬೋರ್ಡು ಎಬ್ಬಿಸಿದ ಕೆಸರಿಗೂ ಬ್ರೈಡಲ್‌ಗೂ ಹೆದರಿ ಬಲೆಯ ಬಾಯಿಗೇ ಬರುತ್ತವೆ. ಈ ಕೊನೆಯವುಗಳಿಗೆ ರೆಕ್ಕೆಯ ಅಗಲದಿಂದ ಲೆಕ್ಕ ಹಾಕಿದರೆ 1ಕ್ಕಿಂತ ಹೆಚ್ಚೂ ಆಗಬಹುದು. ಹಾಗಾಗಿ ಟನ್ ಕೊಟ್ಟರೆ ಯಾವ ಗುಣಕ ಎಂದು ಪಕ್ಕದಲ್ಲೇ ಬರೆಯಿರಿ. ಆ ಟನ್ನಿನಿಂದ 0.5 × ಸಹಜ ಮರಣ ದರ × ಜೀವರಾಶಿ (ಕಡಲಲ್ಲಿರುವ ಮೀನಿನ ಒಟ್ಟು ತೂಕ) ಎಂದು ಹಿಡಿಯಬಹುದಾದ ಪ್ರಮಾಣ ಹೇಳಲು ಮಾತ್ರ ಹೋಗಬೇಡಿ. ಅದು ಯಾರೂ ಹಿಡಿಯದ ಕಡಲಿಗೆ ಹೇಳಿದ ಒರಟು ಸೂತ್ರ, ಅಲ್ಲಿಯೂ ಅತಿಯಾಯಿತು ಎಂಬ ಟೀಕೆ ಇದೆ.

ನಿಜವಾಗಿ ಬೆಲೆ ಇರುವುದು ವರ್ಷದಿಂದ ವರ್ಷಕ್ಕೆ ಹೋಲಿಸಬಹುದಾದ ದರಕ್ಕೆ. ಥಾಯ್ಲೆಂಡ್ ಕೊಲ್ಲಿಯಲ್ಲಿ 1961ರಲ್ಲಿ ಗಂಟೆಗೆ ಸುಮಾರು 300 ಕಿಲೋ ಇದ್ದದ್ದು 1980ರ ದಶಕಕ್ಕೆ ಸುಮಾರು 50ಕ್ಕೆ ಇಳಿಯಿತು ಎಂದು ಧೈರ್ಯವಾಗಿ ಹೇಳಲು ಆಗುವುದು ವರ್ಷ ವರ್ಷವೂ ಸಂಶೋಧನಾ ಹಡಗಿನ ಟ್ರಾಲ್ ಸಮೀಕ್ಷೆ ನಡೆದದ್ದರಿಂದ. ಒಟ್ಟು ಇಳಿದಾಗ ಎಲ್ಲ ಜಾತಿಯೂ ಒಂದೇ ಸಮ ಇಳಿಯಲಿಲ್ಲ. ಸಿಲ್ವರ್‌ಬೆಲ್ಲಿ ತೀರಾ ಕುಸಿಯಿತು, ಬೊಂಡಾಸಿನ ಪಾಲು ಏರಿತು. ನಿಮ್ಮ ಹಳೆಯ ಅಂಕಿಗಳು ಸಮೀಕ್ಷೆಯವೇ ಆಗಿದ್ದು ಬಲೆ, ವೇಗ, ಕಾಡ್‌ಎಂಡಿನ ಕಣ್ಣು ಗೊತ್ತಿದ್ದರೆ ಗಂಟೆಗೆ ಕಿಲೋ ಇದ್ದರೂ ಚ.ಕಿ.ಮೀ.ಗೆ ತರಬಹುದು. ಮೀನುಗಾರಿಕೆ ದೋಣಿಗಳ ಲಾಗ್‌ಬುಕ್ಕಿನವು ಆಗಿದ್ದರೆ ಹುಷಾರು. ಎಂಜಿನ್ ದೊಡ್ಡದಾಗಿದೆ, ಜಿಪಿಎಸ್ ಬಂದಿದೆ, ಬಲೆಯ ಬಾಯಿ ಎತ್ತರವಾಗಿದೆ. ಗಂಟೆಯ ದರ ಹಾಗೇ ನಿಂತಿದ್ದರೂ ಮೀನು ಕಡಿಮೆಯಾಗಿರಬಹುದು.

ಹಳೆಯ ಹಡಗು ಇನ್ನೂ ಓಡುತ್ತಿದ್ದರೆ ಜೋಡಿ ಎಳೆತ ಮಾಡಿ. ಎರಡೂ ಅರ್ಧ ನಾಟಿಕಲ್ ಮೈಲಿ ಅಂತರದಲ್ಲಿ, ಒಂದೇ ದಿಕ್ಕಿಗೆ, ಒಂದೇ ಹೊತ್ತಿಗೆ, ಸರದಿಯಂತೆ ಎಡ ಬಲ ಬದಲಿಸುತ್ತ. ಇಪ್ಪತ್ತಕ್ಕಿಂತ ಕಡಿಮೆ ಜೋಡಿಯಿಂದ ಸಿಗುವ ಅನುಪಾತಕ್ಕೆ ಅರ್ಥವಿಲ್ಲ.

ಹೊತ್ತಿನ ವಿಷಯದಲ್ಲಿ, ಸೂರ್ಯ ಹುಟ್ಟಿ ಅರ್ಧ ಗಂಟೆಯ ನಂತರದಿಂದ ಮುಳುಗುವ ಅರ್ಧ ಗಂಟೆ ಮೊದಲಿನವರೆಗೆ ಮಾತ್ರ ಎಳೆಯಿರಿ. ಸಿಲ್ವರ್‌ಬೆಲ್ಲಿ ರಾತ್ರಿ ನೆಲ ಬಿಟ್ಟು ಮೇಲೇರುತ್ತದೆ, ಹಲವು ಜಾತಿಯ ಸಿಗಡಿ ರಾತ್ರಿಯೇ ಕೆಸರಿನಿಂದ ಹೊರಬರುತ್ತದೆ, ದೊಡ್ಡ ಪಾಂಬೋಲ್ ಹಗಲು ಮೇಲೆ ಇದ್ದು ರಾತ್ರಿ ತಳಕ್ಕೆ ಬರುತ್ತದೆ. ಹಗಲು-ರಾತ್ರಿ ಬೆರೆಸಿದರೆ ಅಳೆದದ್ದು ಮೀನೋ ಗಡಿಯಾರವೋ ಹೇಳಲಾಗದು.

ಕೊನೆಯದಾಗಿ ಆಮ್ಲಜನಕ. ಅರಬ್ಬೀ ಸಮುದ್ರದ ಅಂಚಿನಂಥ ಕಡೆ ನೈಋತ್ಯ ಮುಂಗಾರಿನ ಹೊತ್ತಿಗೆ ಆಳದ ತಣ್ಣೀರು ದಂಡೆಯ ಕಡೆ ಏರಿ ಬರುತ್ತದೆ, ಅದರಲ್ಲಿ ಆಮ್ಲಜನಕ ತೀರಾ ಕಡಿಮೆ. ಲೀಟರಿಗೆ 0.5 ಮಿಲಿಲೀಟರಿಗಿಂತ ಕೆಳಗಿಳಿದ ನೆಲವನ್ನು ಹೆಚ್ಚಿನ ತಳಮೀನುಗಳು ಬಿಟ್ಟು ದಡದತ್ತಲೋ ಮೇಲಕ್ಕೋ ಒತ್ತರಿಸಿಕೊಳ್ಳುತ್ತವೆ. ಆಗ 20-40ರ ಪಟ್ಟಿಯಲ್ಲಿ ದರ ಏರುತ್ತದೆ, 60-100ರಲ್ಲಿ ಸೊನ್ನೆ ಎಳೆತಗಳು ಸಾಲುಗಟ್ಟುತ್ತವೆ, ಕಡಲಲ್ಲಿರುವ ಮೀನು ಮಾತ್ರ ಅಷ್ಟೇ. 20 ಮೀಟರಿಗಿಂತ ಒಳಗೆ ಸರಿದದ್ದು ನಿಮ್ಮ ದೋಣಿಗೆ ಸಿಗುವುದೂ ಇಲ್ಲ. ಪ್ರತಿ ಎಳೆತದ ತುದಿಯಲ್ಲಿ ತಳದ ಉಷ್ಣತೆ, ಆಮ್ಲಜನಕ ಅಳೆದಿಡಿ, ಸಮೀಕ್ಷೆಯನ್ನು ಪ್ರತಿ ವರ್ಷ ಅದೇ ಋತುವಿನಲ್ಲಿ ನಡೆಸಿ. ಡೀಸೆಲ್ ಕಡಿಮೆ ಬಿದ್ದರೆ ಎಳೆತದ ಸಂಖ್ಯೆ ಇಳಿಸಿ, ತಿಂಗಳು ಬದಲಿಸಬೇಡಿ.